ಬಾರದವರ ಲೆಕ್ಕ

ಬೆಳಿಗ್ಗೆ ಮಳೆ ತುಸು ಬಿಟ್ಟಿತ್ತು. ದಾಸವಾಳದ ಎಲೆಗೆ ಹತ್ತಿದ ಬಿಳಿ ಹುಳ ತೊಳೆಯೋಣವೆಂದು ಕೊಡಪಾನ ಹಿಡಿದು ಅಂಗಳಕ್ಕಿಳಿದರೆ, ಗೇಟಿನಾಚೆ ನಾಲ್ಕು ಮಕ್ಕಳು ಬುಟ್ಟಿ ಹಿಡಿದು ನಿಂತಿದ್ದವು. "ಸರ್, ಹೂ ಉಂಟಾ?" ಪ್ರತಿ ವರ್ಷ ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಓಣಿಯಲ್ಲಿ ಯಾರ ಅಂಗಳದ ಹೂವೂ ಗಿಡದಲ್ಲಿ ಉಳಿಯುವುದಿಲ್ಲ. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನ ಹುಟ್ಟಿದ ದಿನ. ಮಂಗಳೂರಿನ ಕೊಂಕಣಿ ಕ್ರೈಸ್ತರಿಗೆ ಅದೇ ತೆನೆಹಬ್ಬ, ಅವರ ಬಾಯಲ್ಲಿ ಮೊಂತಿ ಫೆಸ್ತ್. ಒಂಬತ್ತು ದಿನವೂ ಮಕ್ಕಳು ಹೂ ಒಯ್ದು ಮರಿಯಮ್ಮನ ಮುಂದೆ ಸುರಿಯಬೇಕು, ಹಬ್ಬದ ದಿನ ಅವರಿಗೆ ಕಬ್ಬು ಸಿಗುತ್ತದೆ. "ಕಿತ್ಕೊಳ್ಳಿ ಮಕ್ಕಳೇ, ಮೊಗ್ಗು ಮಾತ್ರ ಬಿಡಿ" ಎಂದೆ.

ಅಷ್ಟರಲ್ಲಿ ಪಾಗಾರದ ಆಚೆಯಿಂದ ಬಾಯಮ್ಮ ಕರೆದರು. ನಮ್ಮ ಕಡೆ ಕಥೋಲಿಕ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಅವರ ಯಜಮಾನರು ಇದ್ದಾಗ ಅವರನ್ನು ನಾನು 'ಪೊರ್ಬುಗಳೇ' ಎನ್ನುತ್ತಿದ್ದೆ. ಅವರಿಗೆಲ್ಲ ನಾನು ಮಾಷ್ಟ್ರು. ಎರಡು ಮನೆಗಳ ನಡುವೆ ಇರುವುದು ಎದೆಮಟ್ಟದ ಕೆಂಪುಕಲ್ಲಿನ ಪಾಗಾರ. ಒಂದು ಕಡೆ ಮೇಲಿನ ಕಲ್ಲು ಜಾರಿ ಹೋಗಿದೆ. ಅದನ್ನು ಸರಿ ಮಾಡಿಸಬೇಕೆಂದು ಇಬ್ಬರಿಗೂ ಮೂವತ್ತು ವರ್ಷದಿಂದ ಅನಿಸಿಲ್ಲ. ಬಸಳೆ, ಹಲಸಿನ ತೊಳೆ, ಮದುವೆಯ ಕಾಗದ, ಸಾವಿನ ಸುದ್ದಿ ಎಲ್ಲ ದಾಟಿದ್ದು ಆ ಸಂದಿನಲ್ಲೇ. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಇಲ್ಲಿ ಪೂರಾ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಷ್ಟ್ರೇ, ಇದು ನೋಡಿ" ಎಂದು ಮೊಬೈಲು ನನ್ನ ಕೈಗಿತ್ತರು. ಅವರ ಒಬ್ಬನೇ ಮಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಔಷಧ ಕಂಪನಿಯ ಕೆಲಸದಲ್ಲಿದ್ದಾನೆ. ಫೋಟೋದಲ್ಲಿ ಆಕಾಶಕ್ಕೆ ಚುಚ್ಚಿದ ಹಾಗಿರುವ ಗೋಪುರದ ಒಂದು ಇಗರ್ಜಿ. ಎಲಿಸಬೆತ್ ಚರ್ಚ್ ಅಂತೆ. ಕ್ರಿಸ್ಟೋಫ್ ಮೆರಿಯನ್ ಎಂಬ ಸಿರಿವಂತ ದುಡ್ಡು ಕೊಟ್ಟು ಕಟ್ಟಿಸಿದ್ದು, 1864ರಲ್ಲಿ ಮುಗಿದದ್ದು. ಇನ್ನೊಂದು ಫೋಟೋದಲ್ಲಿ ಅದರ ಪಕ್ಕದಲ್ಲೇ ಜನ ಕೂತು ಕಾಫಿ ಕುಡಿಯುತ್ತಿದ್ದಾರೆ.

"ಅಲ್ಲಿ ಪೂಜೆಗೆ ಜನ ಇಲ್ಲ, ಕಾಫಿಗೆ ಉಂಟಂತೆ" ಎಂದರು ಬಾಯಮ್ಮ. ದನಿಯಲ್ಲಿ ನೋವಿತ್ತು. "ನಿನ್ನೆ ಫೋನಲ್ಲಿ ಕೇಳ್ದ, 'ಮಾಯ್, ಈ ಕಾಲಕ್ಕೆ ಇಗರ್ಜಿ ಎಂತಕ್ಕೆ ಬೇಕು?' ಅಂತ. ನನಗೆ ಬಾಯಿ ಬರಲಿಲ್ಲ. ಬೈಲಿಕ್ಕೂ ಆಗಲಿಲ್ಲ. ಅವನು ಕೆಟ್ಟ ಹುಡುಗ ಅಲ್ಲ ಮಾಷ್ಟ್ರೇ, ನಿಮ್ಮ ಕೈಯಲ್ಲೇ ಕಲ್ತವ."

"ಅವನು ಎಂತ ಹೇಳ್ತಾನೆ, ಪೂರಾ ಹೇಳಿ" ಎಂದೆ.

ಹೇಳಿದರು. ಹಿಂದೆ ಶಾಲೆ ಬೇಕಿದ್ದರೆ ಮಿಷನ್ ಶಾಲೆ, ಕಾಯಿಲೆಯಾದರೆ ಫಾದರ್‌ಗಳ ಆಸ್ಪತ್ರೆ, ಮದುವೆ ಸಂಬಂಧ ಕೂಡಿಸುವುದಕ್ಕೂ ಇಗರ್ಜಿಯ ಅಂಗಳ. ಈಗ ಶಾಲೆ ಬೀದಿಗೊಂದು, ಆಸ್ಪತ್ರೆಗೆ ಇನ್ಶೂರೆನ್ಸ್, ಸಂಬಂಧಕ್ಕೆ ಮೊಬೈಲು, ಮನಸ್ಸಿಗೆ ಬೇಜಾರಾದರೆ ಕೌನ್ಸೆಲರ್. ಇಗರ್ಜಿ ಮಾಡುತ್ತಿದ್ದದ್ದನ್ನೆಲ್ಲ ಬೇರೆಯವರು ಮಾಡುತ್ತಿದ್ದಾರೆ. ಹಾಗಾದರೆ ಅದಕ್ಕೆ ಉಳಿದ ಕೆಲಸ ಯಾವುದು?

ಇದು ಉಡಾಫೆಯ ಪ್ರಶ್ನೆಯಲ್ಲ, ಸಾಚಾ ಪ್ರಶ್ನೆ. ಸಾಚಾ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡಬಾರದು. "ಬಾಯಮ್ಮ, ಒಂದು ನಿಮಿಷ" ಎಂದು ಹಿತ್ತಲಿಗೆ ಹೋದೆ.

ಹೋದ ಬೇಸಗೆಯಲ್ಲಿ ಮಾಡು ಬಿಚ್ಚಿಸಿದಾಗ ಉಳಿದ ಹಂಚುಗಳನ್ನು ಬಚ್ಚಲ ಗೋಡೆಗೆ ಒರಗಿಸಿ ಇಟ್ಟಿದ್ದೆ. ಒಂದನ್ನು ತಂದು ಪಾಗಾರದ ಮೇಲಿಟ್ಟು ಮಣ್ಣು ಒರೆಸಿದೆ. ಬೆನ್ನಿನ ಮೇಲೆ ಉಬ್ಬಿದ ಅಕ್ಷರ, ಬೆರಳಾಡಿಸಿದರೆ ಕುರುಡರೂ ಓದಬಹುದು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ನನ್ನಜ್ಜ ಕಟ್ಟಿಸಿದ ಮನೆಯ ಹಂಚು ಅದು. "ನಿಮ್ಮ ಮಗ ಈಗ ಇರುವ ಊರಿನ ಹೆಸರು ನೂರು ವರ್ಷದಿಂದ ನನ್ನ ತಲೆಯ ಮೇಲೆ ಉಂಟು, ನೋಡಿ" ಎಂದೆ. ಬಾಯಮ್ಮ ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ ನಕ್ಕರು.

ಅವರು ಕಥೋಲಿಕರು, ಬಾಸೆಲ್ ಮಿಷನ್ನಿನವರು ಪ್ರೊಟೆಸ್ಟಂಟರು. ಆ ಮನೆಯೇ ಬೇರೆ. ಆದರೆ ಮಗನ ಪ್ರಶ್ನೆ ಎರಡು ಮನೆಗೂ ಸೇರಿದ್ದು. 1834ರಲ್ಲಿ ಬಾಸೆಲ್‌ನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಚ್ಚುಕೂಟ ಬಂತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು, ಈಗಲೂ ಜುಲೈ 1 ನಮ್ಮ ಪತ್ರಿಕಾ ದಿನ. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದ. ಜಾತಿ ಬಿಟ್ಟು ಬಂದವರಿಗೆ ಜಾತಿಯ ಕಸುಬೂ ತಪ್ಪಿಹೋಗುತ್ತಿತ್ತು, ಅವರ ಕೈಗೆ ಕೆಲಸ ಬೇಕಿತ್ತು. ಕಿಟೆಲ್ ವರ್ಷಗಟ್ಟಲೆ ಕೂತು ಸುಮಾರು 70,000 ಶಬ್ದ ಕೂಡಿಸಿದ ಕನ್ನಡ ನಿಘಂಟು 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾಯಿತು. ನಾನು ನಲವತ್ತು ವರ್ಷ ಕನ್ನಡ ಪಾಠ ಮಾಡಿದವ. ಅದರ ಋಣ ನನ್ನ ಮೇಲೆ ಎಷ್ಟಿದೆಯೆಂದು ನನಗೆ ಗೊತ್ತು. ಬಾಯಮ್ಮನ ಕಡೆಯ ಲೆಕ್ಕವೂ ಸಣ್ಣದಲ್ಲ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆಂದು ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿ, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ನೆಲೆ ಮಾಡಿದರು. ಹೆಣ್ಣುಮಕ್ಕಳು ಓದಲಿ ಎಂದು 1921ರಲ್ಲಿ ಸಿಸ್ಟರ್‌ಗಳು ಸಂತ ಆಗ್ನೆಸ್ ಕಾಲೇಜು ತೆರೆದರು.

"ಇದನ್ನೆಲ್ಲ ಅವನಿಗೆ ಹೇಳ್ತೇನೆ" ಎಂದರು ಬಾಯಮ್ಮ.

"ಹೇಳಿದರೆ ಅವನೇ ಗೆಲ್ತಾನೆ" ಎಂದೆ. "ಇದೆಲ್ಲ ಹಿಂದೆ ಮಾಡಿದ್ದು, ಈಗ ಯಾಕೆ ಬೇಕು ಅಂತಲೇ ಅವನ ಪ್ರಶ್ನೆ. ಹಂಚು ಬೇಕಿದ್ದರೆ ಬೇರೆಯವರು ಮಾಡ್ತಾರೆ. ಹಂಚೇ ಬೇಡದಿದ್ದರೆ ಕಾಂಕ್ರೀಟು ಉಂಟು. ನಾನು ಹಂಚು ತಂದದ್ದು ಬೇರೆ ಕಾರಣಕ್ಕೆ."

ಮೊದಲ ಮಹಾಯುದ್ಧ ಬಂತಲ್ಲ, ಬ್ರಿಟಿಷ್ ಸರಕಾರ ಮಿಷನ್ನಿನ ಜರ್ಮನರನ್ನು ಶತ್ರು ದೇಶದವರೆಂದು ಹಿಡಿದಿಟ್ಟು ಆಮೇಲೆ ಊರಿಗೆ ಅಟ್ಟಿತು. ಕಾರ್ಖಾನೆಗಳು ಅವರ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಆ ಹೊತ್ತಿಗೆ ಯಾರಾದರೂ ನೋಡಿದ್ದರೆ, ಇನ್ನು ಇವರ ಕಥೆ ಮುಗಿಯಿತು ಎನ್ನುತ್ತಿದ್ದರು. ಕೂಲಿ ಕೊಡುತ್ತಿದ್ದ ದೊರೆಗಳೇ ಇಲ್ಲ, ಇನ್ನು ಯಾರು ಬರುತ್ತಾರೆ? ಆದರೆ ಬಲ್ಮಠದ ದೇವಾಲಯದಲ್ಲಿ ಆದಿತ್ಯವಾರ ಗಂಟೆ ಹೊಡೆಯುವುದು ನಿಲ್ಲಲಿಲ್ಲ. ಜನ ಬಂದರು. ಕಾರ್ಖಾನೆಗಾಗಿ ಬಂದವರಾಗಿದ್ದರೆ ಕಾರ್ಖಾನೆಯ ಜೊತೆಗೇ ಹೋಗಿಬಿಡುತ್ತಿದ್ದರು. ಅವರನ್ನು ಹಿಡಿದಿಟ್ಟದ್ದು ಬೇರೆ ಏನೋ ಇರಬೇಕು.

ಬಾಯಮ್ಮ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮವರದ್ದೂ ಹಾಗೇ" ಎಂದರು. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, 1799ರಲ್ಲಿ ಬದುಕಿ ಉಳಿದವರು ಮರಳಿ ಬಂದದ್ದು ಅವರ ಮನೆಗಳಲ್ಲಿ ಇಂದಿಗೂ ಅಜ್ಜಿಯಿಂದ ಮೊಮ್ಮಕ್ಕಳಿಗೆ ಇಳಿಯುವ ಕಥೆ. ಹದಿನೈದು ವರ್ಷ ಅವರಿಗೆ ಇಗರ್ಜಿ ಎಂಬ ಕಟ್ಟಡವೇ ಇರಲಿಲ್ಲ. "ಬಂದ ಮೇಲೆ ಮೊದಲು ಹುಡುಕಿದ್ದು ಯಾರು ಬಂದಿದ್ದಾರೆ, ಯಾರು ಬರಲಿಲ್ಲ ಅಂತ, ನನ್ನ ಅಜ್ಜಿ ಹೇಳ್ತಿದ್ದರು. ಆಮೇಲೆ ಇಗರ್ಜಿ ಕಟ್ಟಿದ್ದು."

ಯಾರು ಬಂದಿದ್ದಾರೆ, ಯಾರು ಬರಲಿಲ್ಲ. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ನಮ್ಮ ಓಣಿಯ ಐದನೇ ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಹಿರಿಯರೊಬ್ಬರಿದ್ದಾರೆ. ಮಗಳು ದುಬಾಯಿ, ಮಗ ಕೆನಡಾ. ನೋಡಿಕೊಳ್ಳಲು ಹೋಮ್ ನರ್ಸ್ ಇದ್ದಾಳೆ. ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಆ ಮನೆಗೆ ಫಾದರ್ ಪರಮಪ್ರಸಾದ ತರುತ್ತಾರೆ. ಒಂದು ಸಲ ಆ ಹೊತ್ತಿಗೆ ನಾನು ಅಲ್ಲಿದ್ದೆ, ಕಣ್ಣಾರೆ ಕಂಡೆ. ಹಿಂದಿನ ರಾತ್ರಿಯೇ ನರ್ಸ್ ಹತ್ತಿರ ಹೇಳಿ ಹಿರಿಯರು ಮಂಚದ ಬದಿಯ ಸ್ಟೂಲಿಗೆ ಬಿಳಿ ಬಟ್ಟೆ ಹಾಸಿಸಿದ್ದರು. ಮದುವೆಯ ಕಾಲದ ಕಸೂತಿ ಬಟ್ಟೆ, ಇಸ್ತ್ರಿ ಮಾಡಿದ್ದು. ಅದರ ಮೇಲೆ ಒಂದು ಮೇಣದ ಬತ್ತಿ, ಒಂದು ಲೋಟ ನೀರು. ಔಷಧದ ಬಾಟಲಿಗಳೆಲ್ಲ ಮಂಚದ ಅಡಿಗೆ ಸರಿದಿದ್ದವು. ಸ್ಕೂಟರಿನ ಶಬ್ದ ಕೇಳಿದೊಡನೆ ಅವರು ಸರಿ ಇರುವ ಎಡಗೈಯಿಂದ ತಲೆಗೂದಲು ಬಾಚಿಕೊಂಡರು. ಪ್ರಾರ್ಥನೆ ಎಲ್ಲ ಸೇರಿ ಹತ್ತು ನಿಮಿಷ ಇರಬಹುದು. ಆಮೇಲೆ ಫಾದರ್ ಹೋಗಲಿಲ್ಲ. ಮಂಚದ ಅಂಚಿಗೆ ಕೂತು, "ಹೋದ ತಿಂಗಳು ಕೆಮ್ಮು ಇತ್ತಲ್ಲ, ಹೇಗುಂಟು?" ಎಂದು ಕೇಳಿದರು. ಹೋದ ತಿಂಗಳ ಕೆಮ್ಮು ಈ ತಿಂಗಳು ನೆನಪಿರುವುದು! ಮಕ್ಕಳು ಕಳಿಸಿದ ಹಣಕ್ಕೆ ನರ್ಸ್ ಸಿಗುತ್ತಾಳೆ, ಹಾಸಿಗೆ ಸಿಗುತ್ತದೆ, ಬಿ.ಪಿ. ನೋಡುವ ಯಂತ್ರ ಸಿಗುತ್ತದೆ. ಒಬ್ಬ ಮನುಷ್ಯ ಎದ್ದು ಕೂದಲು ಬಾಚಿಕೊಳ್ಳಬೇಕು ಅನ್ನಿಸುವ ಬೆಳಗು ಹಣಕ್ಕೆ ಸಿಗುವುದಿಲ್ಲ.

ಮಗ ಕೇಳುವ 'ಈ ಕಾಲ' ಯಾವುದು ಎಂದು ನಾವು ಸರಿಯಾಗಿ ನೋಡಬೇಕು. ಈ ಕಾಲ ಎಂದರೆ ಬರೀ ಮೊಬೈಲು, ವಿಮಾನ ಅಲ್ಲ. ಮಂಗಳೂರಿನ ಎಷ್ಟೋ ಓಣಿಗಳಲ್ಲಿ ಈ ಕಾಲ ಎಂದರೆ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಒಬ್ಬರೇ ಇರುವ ಮುದುಕರು. ಕ್ಯಾಮೆರಾದಲ್ಲಿ ಅಂಗಳ ನೋಡುತ್ತ ಕುವೈತಿನಲ್ಲಿ ಕೂತ ಮಕ್ಕಳು. ಸಾಲಾಗಿ ಬೀಗ ಹಾಕಿದ ಗೇಟುಗಳು. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಬ್ರಿಟನ್ನಿನ 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು ಎಂದು ಬರೆಸಿದವರು ನೂರಕ್ಕೆ 46. ಅರ್ಧಕ್ಕಿಂತ ಕಡಿಮೆಯಾದದ್ದು ಅದೇ ಮೊದಲು. ಅದೇ ದೇಶ 2018ರಲ್ಲಿ ಒಂಟಿತನಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಬೇಕಾಯಿತು. 2021ರಲ್ಲಿ ಜಪಾನೂ ನೇಮಿಸಿತು. ಯಾರಿಗೂ ಗೊತ್ತಾಗದೆ ಒಬ್ಬರೇ ಸತ್ತು ಎಷ್ಟೋ ದಿನದ ಮೇಲೆ ಪತ್ತೆಯಾಗುವುದಕ್ಕೆ ಜಪಾನೀ ಭಾಷೆಯಲ್ಲಿ ಒಂದು ಶಬ್ದವೇ ಇದೆ, ಕೊಡೊಕುಶಿ. ಒಂದು ಸಂಗತಿಗೆ ಶಬ್ದ ಹುಟ್ಟಬೇಕಾದರೆ ಅದು ಎಷ್ಟು ಸಲ ನಡೆದಿರಬೇಕು, ನೀವೇ ಯೋಚಿಸಿ. ಇಗರ್ಜಿಗೆ ಜನ ಕಡಿಮೆಯಾದದ್ದರಿಂದಲೇ ಒಂಟಿತನ ಬಂತು ಎಂದು ನಾನು ಹೇಳುವುದಿಲ್ಲ. ಜಪಾನಿನಲ್ಲಿ ಇಗರ್ಜಿಗಳು ಇದ್ದದ್ದೇ ಕಡಿಮೆ. ಆದರೆ ಸರಕಾರಗಳು ಮಂತ್ರಿ ಇಟ್ಟು ಹುಡುಕುತ್ತಿರುವ ಕೆಲಸವನ್ನು ನಮ್ಮ ಓಣಿಯಲ್ಲಿ ಒಬ್ಬ ಮನುಷ್ಯ ಬಗಲಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಮಾಡುತ್ತಿದ್ದಾನೆ.

ಅವರನ್ನು ಗುರ್ಕಾರ್ ಎನ್ನುತ್ತಾರೆ. ನಮ್ಮಲ್ಲಿಯ ಗುರಿಕಾರನೇ ಅದು. ಇಗರ್ಜಿಯ ವ್ಯಾಪ್ತಿಯನ್ನು ವಾರ್ಡುಗಳಾಗಿ ಹಂಚಿ, ವಾರ್ಡಿಗೊಬ್ಬ ಗುರ್ಕಾರ್. ನಮ್ಮ ವಾರ್ಡಿನವರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಪುಸ್ತಕದಲ್ಲಿ ಪ್ರತಿ ಮನೆಯ ಪುಟ ಇದೆ: ಎಷ್ಟು ಜನ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಕೆಲಸ ಹೋಗಿದೆ, ಯಾರು ಮೂರು ವಾರದಿಂದ ಕಾಣಲಿಲ್ಲ. ಬಡ ಮನೆಗಳಿಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸೊಸೈಟಿಯವರು ಅಕ್ಕಿ, ಮಾತ್ರೆ ತಲುಪಿಸುವುದೂ ಈ ಪುಸ್ತಕ ನೋಡಿಯೇ.

ನಾನಿದನ್ನು ದೂರದಿಂದ ನೋಡಿ ಹೇಳುತ್ತಿಲ್ಲ. ನಾಲ್ಕು ವರ್ಷದ ಹಿಂದೆ ಆಟಿ ತಿಂಗಳ ಮಳೆಯಲ್ಲಿ ನನ್ನ ಮನೆಯವಳು ತೀರಿಕೊಂಡಳು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಮನೆ ತುಂಬ ಜನ. ಮುಗಿದ ಮರುದಿನ ಎಲ್ಲರೂ ಚಪ್ಪಲಿ ಹಾಕಿಕೊಂಡು ಹೊರಟರು. ತಪ್ಪಲ್ಲ, ಅವರವರ ಕೆಲಸ ಅವರಿಗೆ. ಆ ಸಂಜೆ ದೀಪ ಹಚ್ಚಬೇಕೆಂದೂ ತೋಚದೆ ಚಾವಡಿಯಲ್ಲಿ ಕತ್ತಲಲ್ಲೇ ಕೂತಿದ್ದೆ. ಗೇಟು ಕಿರ್ ಎಂದಿತು. ಗುರ್ಕಾರ್ ಕೊಡೆ ಮಡಚಿ ಜಗಲಿಗೆ ಒರಗಿಸಿ, "ಮಾಷ್ಟ್ರೇ, ಊಟ ಆಯ್ತಾ?" ಎಂದರು. ಆಗಿರಲಿಲ್ಲ. ಪಾಗಾರದ ಸಂದಿನಲ್ಲಿ ಬಾಯಮ್ಮನ ಮನೆಯ ಗಂಜಿ ದಾಟಿತು. ಆಮೇಲೆ ಒಂದೂವರೆ ತಿಂಗಳು, ವಾರ್ಡಿನ ಸುತ್ತು ಮುಗಿಸಿ ಹೋಗುವಾಗಲೆಲ್ಲ ಅವರು ನನ್ನ ಗೇಟು ತೆರೆದು ಅದೇ ಪ್ರಶ್ನೆ ಕೇಳಿದರು. ಅವರ ಪುಸ್ತಕದಲ್ಲಿ ನನಗೆ ಪುಟವಿಲ್ಲ, ಇರಬೇಕಾಗಿಯೂ ಇಲ್ಲ. ನನ್ನ ದೇವರು ಬೇರೆ, ನನ್ನ ಮನೆಯ ದೈವ ಬೇರೆ. ಒಂದು ದಿನವಾದರೂ ಅವರು ನನ್ನ ಹತ್ತಿರ ಧರ್ಮದ ಮಾತು ಎತ್ತಲಿಲ್ಲ. ನಲವತ್ತೈದು ಗೇಟು ತೆರೆದು ಅಭ್ಯಾಸವಾದ ಕೈಗೆ ನಲವತ್ತಾರನೆಯದು ಕಷ್ಟವಾಗಲಿಲ್ಲ, ಅಷ್ಟೇ. ಬೇರೆಯವರ ಬಾಗಿಲಿಗೆ ಹೋಗುವುದೂ ಒಂದು ಅಭ್ಯಾಸ, ಅದನ್ನು ವಾರವಾರ ಮಾಡಿಸುವ ಜಾಗ ಊರಿಗೆ ಬೇಕು ಎಂದು ನನಗೆ ಆಗ ಗೊತ್ತಾಯಿತು.

ಇದನ್ನು ಹೇಳಿದಾಗ ಬಾಯಮ್ಮ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಮುಖ ತಗ್ಗಿಸಿ ಪಾಗಾರದ ಪಾಚಿಯನ್ನು ಉಗುರಿನಿಂದ ಕೆರೆಯತೊಡಗಿದರು.

"ಮಾಷ್ಟ್ರೇ, ಒಳ್ಳೆದು ಮಾತ್ರ ಹೇಳಿದರೆ ಆಗುದಿಲ್ಲ. ನನ್ನ ಮಗ ಓದ್ತಾನೆ, ಅವನಿಗೆ ಎಲ್ಲ ಗೊತ್ತುಂಟು. 2002ರಲ್ಲಿ ಬಾಸ್ಟನ್ನಿನ ಪೇಪರಿನವರು ಬರೆದರಲ್ಲ, ಮಕ್ಕಳ ಮೇಲೆ ಕೈ ಮಾಡಿದ ಫಾದರ್‌ಗಳನ್ನು ಊರಿಂದ ಊರಿಗೆ ಬದಲಿ ಮಾಡಿ ಮುಚ್ಚಿಟ್ಟ ಕಥೆ. ಅದನ್ನು ಓದಿ ಅವ ಎರಡು ವರ್ಷ ಪಾಪನಿವೇದನೆಗೆ ಹೋಗಲಿಲ್ಲ. ತಮಿಳುನಾಡಿನ ಕೆಲವು ಕಡೆ ಸತ್ತ ಮೇಲೂ ದಲಿತರಿಗೆ ಬೇರೆ ಜಾಗ, ನಡುವೆ ಗೋಡೆ. ಒಂದೇ ಶಿಲುಬೆ, ಎರಡು ಸ್ಮಶಾನ! ಮತ್ತೆ ನಮ್ಮ ಹೆಂಗಸರು. ಹೂ ಕಟ್ಟುದು, ಗುಡಿಸುದು, ಮಕ್ಕಳಿಗೆ ಪಾಠ ಮಾಡುದು ಎಲ್ಲ ನಾವೇ. ಪೀಠದ ಹತ್ತಿರ ನಿಂತು ಪೂಜೆ ಕೊಡ್ಲಿಕ್ಕೆ ಮಾತ್ರ ಇಲ್ಲ. ಪ್ರೊಟೆಸ್ಟಂಟರ ಸಿ.ಎಸ್.ಐ. ಸಭೆಯಲ್ಲಿ 2013ರಲ್ಲಿ ನಂದ್ಯಾಲದಲ್ಲಿ ಒಬ್ಬ ಹೆಂಗಸು ಬಿಷಪ್ಪೇ ಆದರು, ಪುಷ್ಪಲಲಿತಾ ಅಂತ. ಪೇಪರಿನಲ್ಲಿ ಫೋಟೋ ನೋಡಿ ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ."

ಬಾಯಮ್ಮನಿಗೆ ಎಪ್ಪತ್ತೆರಡು. ಬೈಬಲ್ಲಿನ ನಡುವೆ ಆ ಪೇಪರಿನ ತುಂಡು ಹತ್ತು ವರ್ಷಕ್ಕೂ ಮೇಲೆ ಇದೆ ಎಂದು ನನಗೆ ಆ ದಿನವೇ ತಿಳಿದದ್ದು.

"ಅದೆಲ್ಲ ದೂರದ್ದು" ಎಂದು ಅವರೇ ಮುಂದುವರಿಸಿದರು. "ಹತ್ತಿರದ್ದು ಹೇಳ್ತೇನೆ. ಓಣಿಯ ಕೊನೆಯ ಮನೆ ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಆ ಮನೆಯ ಮಗಳು ಬೇರೆ ಧರ್ಮದ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಊರಿನ ಮಾತು, ಇಗರ್ಜಿಯ ಅಂಗಳದ ಮಾತು, ಮೀಟಿಂಗಿನಲ್ಲಿ ಯಾರೋ ಎತ್ತಿದ ದನಿ, ಇವೆಲ್ಲ ಸೇರಿ ಆಕೆಯ ಅಪ್ಪ ಪೂಜೆಗೆ ಬರುವುದನ್ನು ಬಿಟ್ಟರು. ಅವರ ಸ್ವಾಭಿಮಾನಕ್ಕೆ ಏಟು ಬಿದ್ದಿತ್ತು. ಪುಸ್ತಕದಲ್ಲಿ ಅವರ ಪುಟದ ಮೇಲೆ ಆಗಿನ ಗುರ್ಕಾರ್ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದರಂತೆ. ಆ ಗೀಟಿನ ಮೇಲೆ ಎರಡು ವರ್ಷ ಯಾರೂ ಆ ಗೇಟು ತೆರೆಯಲಿಲ್ಲ. ಆ ಮನುಷ್ಯ ತೀರಿಕೊಂಡಾಗ ಗಂಟೆ ಹೊಡೆಯಿತು, ಸ್ಮಶಾನದಲ್ಲಿ ಜಾಗವೂ ಸಿಕ್ಕಿತು. ಆದರೆ ಮಣ್ಣಿಗೆ ಬಂದವರು ಹನ್ನೊಂದು ಜನ. ಹೆಂಡತಿ ಆಮೇಲೆ ಇಗರ್ಜಿಯ ಮೆಟ್ಟಿಲು ಹತ್ತಿಲ್ಲ. ಆರು ವರ್ಷ ಆಯಿತು.

"ಆದಿತ್ಯವಾರ ಆದಿತ್ಯವಾರ ನಾನು ಅದೇ ಗೇಟಿನ ಎದುರಿನಿಂದ ಪೂಜೆಗೆ ಹೋಗುದು. ಒಂದು ಸಲ ಸಹ ಒಳಗೆ ಹೋಗಲಿಲ್ಲ. ಹೆದರಿಕೆ ಅಲ್ಲ, ದ್ವೇಷವೂ ಅಲ್ಲ. ಬೇರೆಯವರು ಹೋಗ್ಲಿ ಮೊದಲು, ಅಂತ. ಎಲ್ಲರೂ ಹಾಗೇ ಇದ್ದೆವು." ಬಾಯಮ್ಮನ ಕಣ್ಣು ತುಂಬಿತ್ತು.

ಸಮಾಧಾನದ ಮಾತು ನನಗೆ ತೋಚಲಿಲ್ಲ. ತೋಚಿದ್ದನ್ನೇ ಹೇಳಿದೆ. ಅವರ ಯೇಸು ಹೇಳಿದ ಕಥೆ ಒಂದಿದೆಯಲ್ಲ, ನೂರು ಕುರಿಯ ಕುರುಬ ತೊಂಬತ್ತೊಂಬತ್ತನ್ನು ಅಲ್ಲೇ ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದದ್ದು. ಬಾಯಮ್ಮ ಅದನ್ನು ಸಾವಿರ ಸಲ ಕೇಳಿದ್ದಾರೆ, ನಾನು ಮಿಷನ್ ಶಾಲೆಯ ಎರಡನೇ ಕ್ಲಾಸಿನಲ್ಲಿ ಕೇಳಿದವ. ಲೆಕ್ಕದ ಮಾಷ್ಟ್ರಾಗಿದ್ದರೆ ತೊಂಬತ್ತೊಂಬತ್ತು ಉಳಿದರೆ ಸಾಕಲ್ಲ ಎನ್ನುತ್ತಿದ್ದರೇನೋ. ಇಗರ್ಜಿಯ ಬಗ್ಗೆ ವಾದ ಮಾಡುವವರೂ ಬಂದವರನ್ನೇ ಎಣಿಸುತ್ತಾರೆ. ಯುರೋಪಿನಲ್ಲಿ ಬೆಂಚು ಖಾಲಿ, ಆಫ್ರಿಕದಲ್ಲಿ ಬೆಂಚು ಸಾಲದು, ಎಂದು. ಸ್ವಿಟ್ಜರ್ಲೆಂಡಿನ 2022ರ ಲೆಕ್ಕದಲ್ಲಿ ಯಾವ ಧರ್ಮಕ್ಕೂ ಸೇರದವರೇ ಎಲ್ಲಕ್ಕಿಂತ ದೊಡ್ಡ ಗುಂಪು, ಮೂವರಲ್ಲಿ ಒಬ್ಬರು. ಬಂದವರನ್ನು ಎಣಿಸುವುದು ಸಿನಿಮಾ ಟಾಕೀಸಿಗೂ ಗೊತ್ತು, ಮೊಬೈಲಿನ ಆ್ಯಪಿಗೂ ಗೊತ್ತು. ಬಾರದವರನ್ನು ಎಣಿಸಲಿಕ್ಕೆ ಹೊರಟದ್ದು ಆ ಕುರುಬ. ಹಾಗಾಗಿ ಇಗರ್ಜಿ ಈ ಕಾಲಕ್ಕೆ ಬೇಕೋ ಬೇಡವೋ ಎಂಬುದಕ್ಕೆ ನನ್ನ ಅಳತೆ ಇದೊಂದೇ. ಬಾರದವರ ಗೇಟು ಅದು ತೆರೆಯುತ್ತದೆಯೇ? ತೆರೆದರೆ ಬೇಕು, ಇನ್ನೂ ನೂರು ವರ್ಷ ಬೇಕು. ಪೆನ್ಸಿಲ್ ಗೀಟು ಎಳೆದು ಮುಂದೆ ಹೋದರೆ, ಒಳಗೆ ಎಷ್ಟೇ ಜನ ತುಂಬಿರಲಿ, ನಿಮ್ಮ ಮಗ ಕೇಳಿದ್ದೇ ಸರಿ.

"ನಿಮ್ಮ ಭಾಷೆಯೇ ಅದನ್ನು ಹೇಳ್ತದೆ ಬಾಯಮ್ಮ" ಎಂದೆ. ಇಗರ್ಜಿ ಎಂಬ ಮಾತು ಪೋರ್ಚುಗೀಸರ ಇಗ್ರೇಜದಿಂದ ಬಂತು. ಅದರ ಬೇರು ಗ್ರೀಕಿನ ಎಕ್ಲೇಸಿಯ, ಕರೆದು ಕೂಡಿಸಿದ ಜನ ಎಂದು ಅರ್ಥ. ಗೋಡೆ, ಗೋಪುರದ ಸುದ್ದಿಯೇ ಅದರಲ್ಲಿಲ್ಲ. ನಮ್ಮ ಕನ್ನಡದಲ್ಲಿ ಬೈಬಲ್ಲು ತಿರುಗಿಸಿದವರು ಆ ಮಾತಿಗೆ 'ಸಭೆ' ಎಂದು ಬರೆದರು, ಕಥೋಲಿಕರು 'ಧರ್ಮಸಭೆ' ಎಂದರು. ಎಂಥ ಒಳ್ಳೆಯ ಶಬ್ದ! ಸಭೆ ಎಂದಮೇಲೆ ಯಾರು ಬಂದಿಲ್ಲ ಎಂದು ಕೇಳದೆ ಶುರು ಮಾಡುವುದು ನಮ್ಮಲ್ಲಿ ಎಲ್ಲೂ ಇಲ್ಲ. ಮದುವೆಯ ಊಟದ ಪಂಕ್ತಿಯಲ್ಲೂ ಬಡಿಸುವ ಮೊದಲು ಯಜಮಾನ ಒಂದು ಸುತ್ತು ಬಂದು ಕೇಳುತ್ತಾನೆ.

ಬಾಸೆಲ್‌ನ ಆ ಫೋಟೋವನ್ನು ಇನ್ನೊಮ್ಮೆ ನೋಡಿದೆವು. ಆ ಇಗರ್ಜಿ 1994ರಿಂದ 'ತೆರೆದ ಚರ್ಚು' ಎಂದು ಹೆಸರಿಟ್ಟುಕೊಂಡಿದೆ. ಕಾಫಿಯ ಸಂಗತಿ ಮಗ ಬರೆದಿದ್ದ. ಕೆಳಗೆ ಇನ್ನೊಂದು ಸಾಲು ಇತ್ತು, ಬೇಜಾರಿನಲ್ಲಿ ಬಾಯಮ್ಮ ಅದನ್ನು ಓದಿರಲಿಲ್ಲ. ಅಲ್ಲಿ ಯಾರು ಬೇಕಾದರೂ ಹೋಗಿ ಮನಸ್ಸಿನ ಭಾರ ಹೇಳಿಕೊಳ್ಳಬಹುದಂತೆ. ಕೇಳಲಿಕ್ಕೆಂದೇ ಜನ ಕೂತಿರುತ್ತಾರೆ, ನೀನು ಯಾವ ಧರ್ಮದವ ಎಂದು ಕೇಳುವುದಿಲ್ಲ. 'ನಾನೂ ಒಂದು ದಿನ ಹೋಗಿ ಕೂತೆ ಮಾಯ್' ಎಂದು ಬರೆದಿದ್ದ.

ಬಾಯಮ್ಮ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಹೋಗಿ ಕೂತನಾ?" ಎಂದರು. ಮತ್ತೆ ಮಾತಾಡಲಿಲ್ಲ. ಮನೆಯಿಂದ ಅಷ್ಟು ದೂರದಲ್ಲಿ ಏನೋ ಭಾರ ಹೊತ್ತುಕೊಂಡು ಹುಡುಗ 'ಇಗರ್ಜಿ ಎಂತಕ್ಕೆ' ಎಂದು ಕೇಳಿದ್ದು ಎಂದು ಇಬ್ಬರಿಗೂ ಆಗಲೇ ಹೊಳೆದದ್ದು. ಸಂಜೆಗೇ ಫೋನ್ ಮಾಡಿ, ವಾದ ಬಿಟ್ಟು ಬರೀ ಕೇಳಿ ಎಂದೆ. ಮಾಡಿದರಂತೆ. ಒಂದು ಗಂಟೆ ಮಾತಾಡಿದನಂತೆ. ಏನೆಂದು ನಾನು ಕೇಳಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಬ್ಯಾಂಡಿನ ಶಬ್ದ ಓಣಿಯವರೆಗೆ ಕೇಳಿಸಿತು. ತೆನೆಯನ್ನು ಮೆರವಣಿಗೆಯಲ್ಲಿ ತಂದು, ಮಂತ್ರಿಸಿ, ಮನೆಗಿಷ್ಟು ಎಂದು ಹಂಚುತ್ತಾರೆ. ನಮ್ಮ ಕಡೆ ಗದ್ದೆಗಳೆಲ್ಲ ಲೇಔಟ್ ಆಗಿವೆ. ತೆನೆಗೆಂದು ಗುರ್ಕಾರ್ ಹಳ್ಳಿಯ ಕಡೆ ಹೋಗಿ ಬೇಡಿ ತರಬೇಕಾಯಿತಂತೆ. ನಾವೂ ಹೊಸ ಕದಿರು ತಂದು ಬಾಗಿಲಿಗೆ, ಕಣಜಕ್ಕೆ ಕಟ್ಟಿ ಹೊಸತು ಊಟ ಮಾಡುವವರು. ಭತ್ತಕ್ಕೆ ಎರಡು ಧರ್ಮದ ಹಬ್ಬವೂ ಒಂದೇ. ಆ ದಿನ ಬಾಯಮ್ಮನ ಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ. ಬಾಳೆ ಎಲೆಯ ಮೇಲೆ ತರಕಾರಿಯ ಬಗೆಗಳು, ಮೂರೋ ಐದೋ ಏಳೋ, ಬೆಸ ಸಂಖ್ಯೆಯೇ ಆಗಬೇಕು. ಹರಿವೆ ದಂಟು, ಕೆಸು, ಬೆಂಡೆ, ಹೀರೆ, ಅಮಟೆ ಹಾಕಿದ ಹಾಗಲ. ಹೊಸ ಅಕ್ಕಿಯ ಕಾಳನ್ನು ಸುಲಿದು ಅರೆದು ಹಾಲಿಗೆ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಒಂದೊಂದು ಗುಟುಕು ಕೊಡಬೇಕು. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದೇ ಆ ಹಬ್ಬದ ಮುಖ್ಯ ಕಟ್ಟಳೆ.

ಹತ್ತೂವರೆಗೆ ಬಾಯಮ್ಮ ಪಾಗಾರದ ಸಂದಿನಲ್ಲಿ ಕಾಣಿಸಿಕೊಂಡರು. ಹಬ್ಬದ ಸೀರೆ, ಕೈಯಲ್ಲಿ ನಾಲ್ಕು ತೆನೆ. "ಗುರ್ಕಾರ್ ಎಷ್ಟು ಜನ ಅಂತ ಕೇಳಿದರು. ನಾಲ್ಕು ಅಂದೆ." ಒಂದು ಅವರದ್ದು. ಒಂದು ಆಗಲೇ ಲಕೋಟೆಯಲ್ಲಿತ್ತು, ಮೇಲೆ ಬಾಸೆಲ್‌ನ ವಿಳಾಸ. ಒಂದನ್ನು ಪ್ರತಿ ವರ್ಷದ ಹಾಗೆ ನನಗೆ ಕೊಟ್ಟರು. ನಾಲ್ಕನೆಯದನ್ನು ಸೆರಗಿನಲ್ಲಿ ಹಿಡಿದುಕೊಂಡು, "ಮಾಷ್ಟ್ರೇ, ಒಟ್ಟಿಗೆ ಬರ್ತೀರಾ? ಗೇಟಿನವರೆಗೆ ಸಾಕು" ಎಂದರು.

ಅಂಗಿ ಹಾಕಿಕೊಂಡು ಹೊರಟೆ. ಓಣಿಯ ಕೊನೆಗೆ ಇನ್ನೂರು ಹೆಜ್ಜೆ ಇರಬಹುದು. ಗೇಟಿನ ಚಿಲಕ ತುಕ್ಕು ಹಿಡಿದಿತ್ತು, ಬಾಯಮ್ಮನ ಕೈಗೆ ಬರಲಿಲ್ಲ. ನಾನು ಎತ್ತಿದೆ. ಬಾಗಿಲು ತೆರೆದವರು ನಮ್ಮಿಬ್ಬರನ್ನೂ ನೋಡಿ, ತೆನೆಯನ್ನು ನೋಡಿ, ಬಹಳ ಹೊತ್ತು ಹಾಗೇ ನಿಂತರು. ಬಾಯಮ್ಮ, "ತಡ ಆಯ್ತು" ಎಂದರು, ಅಷ್ಟೇ. ಅವರು ತೆನೆ ತೆಗೆದುಕೊಂಡು ಕಾಳುಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, "ಬೆರೆಸಲಿಕ್ಕೆ ಹಾಲಿಲ್ಲ ಮನೆಯಲ್ಲಿ" ಎಂದರು.

"ನನ್ನ ಮನೆಯಲ್ಲಿ ಉಂಟು. ಎಲೆಯೂ ಹಾಕಿದ್ದೇನೆ" ಎಂದರು ಬಾಯಮ್ಮ. ಆ ಮನೆಯವರು ಒಳಗೆ ಹೋಗಿ ಒಲೆ ಆರಿಸಿ ಬಂದು ಚಪ್ಪಲಿ ಮೆಟ್ಟಿದರು. ಗೇಟು ತೆರೆದೇ ಇಟ್ಟು ಮೂವರೂ ಓಣಿಯಲ್ಲಿ ನಡೆದು ಬಂದೆವು.